ಜೀಪಿನ ಹೊಟ್ಟೆಗೆ

ದುರ್ಗದ ಕಲ್ಲಿಗೆ ಹಲ್ಲಿಲ್ಲ ಅಂದವರಾರು?
ಮೊನ್ನೆ ಫ್ಯಾನಿನ ಗುಡ್ಡದ ಮೂರನೇ ತಿರುವಿನಲ್ಲಿ
ನನ್ನ ಜೀಪಿನ ಆಯಿಲ್ ಸಂಪು ಕಚ್ಚಿ
ಕರೀ ಗೆರೆ ಎಳೆಯಿತು ದಾರಿಯುದ್ದ.
ಹಿಂದೆ ಕೂತ ಇಬ್ಬರು ಟೆಕ್ನಿಷಿಯನ್ನರು
ಗ್ರೀಸ್ ಡಬ್ಬಿ, ಹಗ್ಗ, ಬುತ್ತಿ ಹೊತ್ತು
ನಡೆದೇ ಹತ್ತಿದರು. ನಾನು
ಜೀಪಿನ ಅಡಿಗೆ ಕೈಚಾಚಿ ಮಲಗಿದ್ದೆ,
ಬೆರಳ ಸಂದಿಯಿಂದ ಎಣ್ಣೆ ಇಳಿಯುತ್ತಿತ್ತು
ಬೆಚ್ಚಗೆ.

ಹೊಟ್ಟೆಗೊಂದು ತಗಡು ಕಟ್ಟಿಸಬೇಕು.
ಎಂಥ ತಗಡು?

ಕೇಳಿದರೆ ಊರೆಲ್ಲ ಕಮ್ಮಾರರೇ.
ಸ್ಟೀಲೇ ಹಾಕಿಸು, ತುಕ್ಕಿಲ್ಲ, ಅಂದ ಪಾತ್ರೆ ಅಂಗಡಿಯ ಶೇಷಮಲ್.
ಬೀಗರೂಟಕ್ಕೆ ಬಡಿಸೋದಲ್ಲ ಸ್ವಾಮಿ, ಬಂಡೆಗೆ ಉಜ್ಜೋದು.
ಅಲ್ಯೂಮಿನಿಯಂ ಹಗುರ, ಅಂದ ಷೋರೂಮಿನ ಹುಡುಗ.
ಹಗುರವೇನೋ ನಿಜ; ಕಲ್ಲು ಸಿಕ್ಕರೆ
ಜಾರದೆ ಅಂಟುತ್ತದೆ, ಬೆಲ್ಲದ ಪಾಕದ ಹಾಗೆ.
ಲಾರಿ ಸ್ಪ್ರಿಂಗಿನ ಪಟ್ಟಿ ತಂದಿಟ್ಟ ಪಾಲಯ್ಯ
ವೆಲ್ಡಿಂಗ್ ಕನ್ನಡಕ ಹಣೆಗೇರಿಸಿ ತಾನೇ ತಲೆಯಾಡಿಸಿದ:
'ಬ್ಯಾಡ ಬಿಡು. ಇದಕ್ಕೆ ಬೆಸುಗೆ ಹಾಕಿದ್ರೆ
ಬೆಸುಗೆ ಪಕ್ಕದಾಗೇ ಬಿರೀತೈತೆ.
ಸಿಟ್ಟಿನ ಮನುಷ್ಯ ಇದ್ದಂಗೆ,
ಬಾಗೋದು ಗೊತ್ತು, ಸೇರೋದು ಗೊತ್ತಿಲ್ಲ.'

ಕೊನೆಗೆ ಚಳ್ಳಕೆರೆ ರಸ್ತೆ, ಗುಜರಿ ಸಾಲು,
ಜೈತುನ್‌ಬಿಯ ಅಂಗಳ.
ಅಲ್ಲಿ ಬೆಲೆಪಟ್ಟಿ ಇಲ್ಲ, ಕಾಗದವಿಲ್ಲ,
ಕಬ್ಬಿಣಕ್ಕೆ ಹೆಸರು ಬರುವುದು ಕಿಡಿಯಿಂದ.
ಗ್ರೈಂಡರಿಗೆ ಒಡ್ಡಿದಳು ಒಂದೊಂದೇ ತುಂಡು.
ಜೆಸಿಬಿ ಹಲ್ಲು: ಕುಳ್ಳ ಕಿಡಿ, ಕೆಂಪು,
ಹೂಕುಂಡದಂತೆ ಒಡೆದೊಡೆದು ಚದುರಿತು.
'ಗಟ್ಟಿ. ಆದ್ರೆ ಡ್ರಿಲ್ಲಿನ ಮೂತಿ ಸುಡುತ್ತೆ, ತೂತು ಬೀಳಲ್ಲ.'
ಆಮೇಲೊಂದು ಕರೀ ತಗಡು,
ಅದಿರು ಹೊತ್ತ ಟಿಪ್ಪರಿನ ತಳ.
ಕಿಡಿ ಉದ್ದ, ಒಣಹುಲ್ಲಿನ ಬಣ್ಣ,
ನೆಟ್ಟಗೆ ಹೋಗಿ ಸದ್ದಿಲ್ಲದೆ ಆರಿತು.
'ಇದು ಮೆತ್ತಗಿನದು. ಇದನ್ನ ತಗೋ.'

ಮೆತ್ತಗಿನದೆ? ಈ ಕಲ್ಲಿಗೆ ಮೆತ್ತಗಿನದೆ?

ಉತ್ತರಿಸಲಿಲ್ಲ. ಅಂಗೈಯಗಲದ ಚೂರು
ವೈಸಿಗೆ ಕಚ್ಚಿಸಿ ಸುತ್ತಿಗೆಯ ನಾಲ್ಕೇಟು.
ಬಾಗಿತು. ತಿರುಗಿ ನಾಲ್ಕು. ನೆಟ್ಟಗಾಯಿತು.
ಮತ್ತೆ ಬಾಗಿಸಿ ನನ್ನ ಕೈಗಿಟ್ಟಳು.
ಮಡಿಕೆಯ ಜಾಗ ಬಿಸಿ,
ಹಂಚಿನಿಂದ ಈಗಿಳಿದ ರೊಟ್ಟಿಯ ಅಂಚಿನಷ್ಟು.

ಮೂರು ಎಂಎಂ ಸಾಕೆ? ಸಾಲದು. ಎಂಟು?
'ಜೀಪು ಗುಡ್ಡ ಏರಬೇಕೋ, ಅಲ್ಲೇ ಕೂರಬೇಕೋ?'
ಕ್ಯಾಲಿಪರ್ ಹಿಡಿದರೆ ತಗಡು ಒಂದೇ ಸಮ ಇಲ್ಲ,
ಈ ಅಂಚು ಐದು, ಆ ಅಂಚು ನಾಲ್ಕೂಕಾಲು:
ವರ್ಷಗಟ್ಟಲೆ ಅದಿರು ಜಾರಿ ಜಾರಿ
ಕಬ್ಬಿಣವೇ ಕಬ್ಬಿಣವನ್ನು ನೆಕ್ಕಿದ್ದು.
'ದಪ್ಪ ಅಂಚು ಮುಂದಕ್ಕೆ ಬರ್ಲಿ.
ಬೋಲ್ಟಿನ ತಲೆ ಹೊರಗೆ ಇಣುಕದಂಗೆ ಹುದುಗಿಸು,
ತಲೆ ಎತ್ತಿದ್ದನ್ನೇ ಕಲ್ಲು ಮೊದಲು ಕೀಳೋದು.'

ತೂಕಕ್ಕೆ ಹಾಕಿದಳು. ಹತ್ತೊಂಬತ್ತು ಕೇಜಿ, ಮುನ್ನೂರು ಗ್ರಾಂ.
ಹಣ ಎಣಿಸಿ ಹೊರಟವನನ್ನು ಕರೆದು ನಿಲ್ಲಿಸಿ,
'ಎಣ್ಣೆ ಬಸಿಯೋಕೆ ಕಂಡಿ?'
ಮರೆತೇಬಿಟ್ಟಿದ್ದೆ.
ಕೈಯಿಂದ ಒಂದು ಬಳೆ ಕಳಚಿ, ಗಾಜಿನದು, ಹಸಿರು,
ತಗಡಿನ ಮೇಲಿಟ್ಟು ಸೀಮೆಸುಣ್ಣದ ಗೆರೆ ಸುತ್ತಿ
ಮತ್ತೆ ತೊಟ್ಟುಕೊಂಡಳು.
ಪಾಲಯ್ಯ ಆ ಗೆರೆಯ ಮೇಲೇ ಕೊಯ್ದ.

ಈಗಲೂ ಮೂರನೇ ತಿರುವಿನಲ್ಲಿ ಸದ್ದಾಗುತ್ತದೆ,
ಹೊಟ್ಟೆಯಡಿ, ಉದ್ದಕ್ಕೆ, ಯಾರೋ ಸೀಳಿದಂತೆ.
ಟೆಕ್ನಿಷಿಯನ್ನರು ಮಾತು ನಿಲ್ಲಿಸುತ್ತಾರೆ.
ನಾನು ಕ್ಲಚ್ಚಿನ ಮೇಲೆ ಕಾಲಿಟ್ಟು
ಉಸಿರು ಹಿಡಿಯುತ್ತೇನೆ. ಜಾರುತ್ತದೆ. ದಾಟುತ್ತದೆ.
ಸಂಜೆ ಅಡಿಗೆ ತೆವಳಿ ನೋಡಿದರೆ ಹೊಸ ತಗ್ಗು,
ಹೊಸ ಗೀರು, ಬೆಳ್ಳಗೆ.
ಸಂಪಿನ ಬೋಲ್ಟು, ಒಂದು ಹನಿಯೂ ಇಲ್ಲದೆ,
ಬಳೆಯ ನಡುವಿನಿಂದ ನೋಡುತ್ತದೆ.

ಸವೆದ ಮೇಲೆ ಇಲ್ಲಿಗೇ ತಂದು ಹಾಕು, ಅಂದಿದ್ದಳು,
ತೂಕಕ್ಕೇ ತಗೋತೀನಿ,
ಕಲ್ಲು ತಿಂದಿದ್ದು ಮಾತ್ರ ನಿನ್ನ ಲೆಕ್ಕ.